ಇವರ ಬಾಯಿಪಾಠ

ಜುಲೈ ೧೨, ಶುಕ್ರವಾರ

ಇವತ್ತು ಇವರು ಮಾತಾಡಿದರು.

ಸ್ಟ್ರೋಕ್ ಆಗಿ, ಬಲಗೈ ಬಿದ್ದು, ಮಾತು ನಿಂತು, ಇಷ್ಟು ದಿನ ಆಸ್ಪತ್ರೆಯ ಮಂಚದಲ್ಲಿ ಗೋಡೆ ನೋಡಿಕೊಂಡು ಮಲಗಿದ್ದವರು. ಡಾಕ್ಟರು ಬಂದು ಹೆಸರು ಕೇಳಿದರೆ ಬಾಯಿ ತೆರೆಯುತ್ತಿತ್ತು, ಸ್ವರವೂ ಬರುತ್ತಿತ್ತು, ಪದ ಬರುತ್ತಿರಲಿಲ್ಲ. ಇವತ್ತು ನರ್ಸು ಊಟದ ತಟ್ಟೆ ತಂದಿಡುವುದಕ್ಕೂ ಮೊಮ್ಮಗಳು ಮಾನ್ಯ ಶಾಲೆಯಿಂದ ನೇರ ಅಲ್ಲಿಗೆ ಬರುವುದಕ್ಕೂ ಸರಿಹೋಯಿತು. ಚಿಕ್ಕವಳಿದ್ದಾಗಿನಿಂದ ನಮ್ಮ ಹೋಟೆಲಿನ ಮೆಟ್ಟಿಲು ಹತ್ತುವಾಗ ಅಜ್ಜನಿಗೆ ಕೇಳುತ್ತಿದ್ದುದನ್ನೇ ಕೇಳಿದಳು.

"ಅಜ್ಜ, ತಿನ್ಲಿಕ್ಕೆ ಎಂತ ಉಂಟು?"

ಇವರ ಕಣ್ಣು ಅವಳ ಕಡೆ ಹೊರಳಿತು. ಬೆನ್ನು ನೆಟ್ಟಗಾಯಿತು.

"ಇಡ್ಲಿ ವಡೆ ಸಾದಾದೋಸೆ ಮಸಾಲೆದೋಸೆ ನೀರುಳ್ಳಿದೋಸೆ ಉಪ್ಪಿಟ್ಟು ಶೀರಾ ಬನ್ಸು ಗೋಳಿಬಜೆ ಚಾ ಕಾಫಿ!"

ಒಂದೇ ಉಸಿರಿನಲ್ಲಿ. ಹದಿನಾರರ ಹುಡುಗನಾಗಿ ಕಲ್ಕತ್ತೆಗೆ ಬಂದು ಯಾರದೋ ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದಾಗ ಕಲಿತ ಅದೇ ರಾಗ. ಸ್ವಂತ ಹೋಟೆಲು ಹಾಕಿದ ಮೇಲೂ, ಮಗ ಸತೀಶ ಮೆನು ಕಾರ್ಡು ಮಾಡಿಸಿದ ಮೇಲೂ, ಮೇಜಿನ ಪಕ್ಕ ನಿಂತು ಇವರೇ ಹೇಳಬೇಕಿತ್ತು.

ಸತೀಶ ಅಲ್ಲೇ ಅತ್ತುಬಿಟ್ಟ. ಊರಿಗೆಲ್ಲ ಫೋನು ಹೋಯಿತು: ಅಪ್ಪನಿಗೆ ಮಾತು ಬಂತು. ಸೊಸೆ ಬಿಬಿಡಿ ಬಾಗ್‌ನಲ್ಲಿರುವ ತನ್ನ ಬ್ಯಾಂಕಿನಿಂದ ಓಡಿ ಬಂದಳು, ಬರುವಾಗ ಸಂದೇಶ್ ಮಿಠಾಯಿ ತಂದಳು. ವಾರ್ಡಿನಲ್ಲಿ ಎಲ್ಲರಿಗೂ ಕೊಟ್ಟೆವು. ಪಕ್ಕದ ಮಂಚದ ಬಂಗಾಳಿ ಅಜ್ಜನಿಗೆ ಸಕ್ಕರೆ ಕಾಯಿಲೆಯಂತೆ, ಆದರೂ ಬಾಯಿಗೆ ಹಾಕಿಕೊಂಡು ನಕ್ಕರು.

ಜುಲೈ ೧೬, ಮಂಗಳವಾರ

ತಂಗಿ ಅನಸೂಯ, ಇದು ನಿನಗೆ ಬರೆಯುತ್ತಿರುವುದೇ, ಆದರೆ ಕಳಿಸುವುದಿಲ್ಲ. ಸೊಸೆಯ ಬ್ಯಾಂಕಿನವರು ಕೊಟ್ಟ ಡೈರಿಯಲ್ಲಿ ಬರೆದು ಇಲ್ಲೇ ಇಡುತ್ತೇನೆ. ನಿನಗೆ ಬರೆಯದೆ ನನಗೆ ಯೋಚನೆ ಮಾಡಲಿಕ್ಕೂ ಬರುವುದಿಲ್ಲ. ಕಳಿಸಿದರೆ ನೀನು ಉಡುಪಿಯಲ್ಲಿ ನಿನ್ನ ಮನೆಯವರಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತೀ.

ನಿನ್ನೆ ಇವರನ್ನು ಮನೆಗೆ ಕರೆದುಕೊಂಡು ಬಂದೆವು. ಮಧ್ಯಾಹ್ನ ಇವರಿಗೆ ಬಾಯಾರಿಕೆ. ತಂಬಿಗೆ ಕಣ್ಣೆದುರಿಗೇ ಇದೆ, ಕೈ ಎಟುಕುವುದಿಲ್ಲ. "ಎಂತ ಬೇಕು, ಹೇಳಿ" ಎಂದೆ. ತುಟಿ ಅಲುಗಿತು, ಹಣೆಯ ನರ ಉಬ್ಬಿತು. "ಇ... ಇಡ್ಲಿ" ಎಂದರು. ಅಲ್ಲ ಎಂದು ಇವರಿಗೇ ಗೊತ್ತು. ತಲೆ ಅಲ್ಲಾಡಿಸಿದರು. ಪುನಃ "ಇಡ್ಲಿ." ಆಮೇಲೆ ಎಡಗೈಯಿಂದ ಮಂಚಕ್ಕೆ ಗುದ್ದಿದರು. ನೀರು ಕುಡಿಸಿದೆ. ನೀರು ಕುಡಿಯುತ್ತ ಕಣ್ಣಲ್ಲಿ ನೀರು.

ಮಾತು ಬಂದಿರಲಿಲ್ಲ. ಬಂದದ್ದು ಮೆನು ಮಾತ್ರ.

ಅಷ್ಟರಲ್ಲಿ ನಿನ್ನ ಫೋನು. "ಭಾವನಿಗೆ ಕೊಡು, ಸ್ವರ ಕೇಳ್ಬೇಕು" ಎಂದೆ ನೀನು. ಕಿವಿಗೆ ಹಿಡಿದೆ. ಇವರು ನಿನಗೂ ಇಡ್ಲಿಯಿಂದ ಕಾಫಿಯವರೆಗೆ ಒಪ್ಪಿಸಿದರು. ನೀನು ನಕ್ಕು, "ಭಾವನ ತಮಾಷೆ ಮಾತ್ರ ಹೋಗ್ಲಿಲ್ಲ ನೋಡು" ಎಂದು ಇಟ್ಟೆ. ಹೌದೆಂದು ನಾನೂ ನಕ್ಕೆ. ಹೇಳಲಿಕ್ಕೆ ಬಾಯಿ ಬರಲಿಲ್ಲ.

ಜುಲೈ ೨೩, ಮಂಗಳವಾರ

ಮಾತು ಕಲಿಸಲಿಕ್ಕೆ ಒಬ್ಬ ಹುಡುಗಿ ಬರುತ್ತಾಳೆ. ಮೌಶುಮಿ ಎಂದು ಹೆಸರು. ನನ್ನನ್ನು ಮಾಶಿಮಾ ಎನ್ನುತ್ತಾಳೆ, ಇವರನ್ನು ಮೇಶೋ, ನಾವು ಚಿಕ್ಕಮ್ಮ ಚಿಕ್ಕಪ್ಪ ಎಂದ ಹಾಗೆ. ಹತ್ತಿ ಸೀರೆ, ಕಾಲಿಗೆ ಬೂಟು. ಕೊಟ್ಟ ಚಾ ಪೂರ್ತಿ ಕುಡಿಯುತ್ತಾಳೆ, ಅದು ನನಗೆ ಇಷ್ಟವಾಯಿತು.

ಮೆನು ಕೇಳಿ ಅವಳಿಗೆ ಆಶ್ಚರ್ಯವಾಗಲಿಲ್ಲ. "ಇದು ಮುಖೊಸ್ತೊ, ಮಾಶಿಮಾ" ಎಂದಳು. ನಾವು ಆಗಿಂದಾಗ ಜೋಡಿಸಿ ಆಡುವ ಮಾತು ತಲೆಯಲ್ಲಿ ಒಂದು ಕಡೆ ಇರುತ್ತದಂತೆ. ಹೇಳಿ ಹೇಳಿ ಬಾಯಿಗೆ ಕೂತದ್ದು, ಮಗ್ಗಿ, ಮಂತ್ರ, ಹಾಡು, ಬೈಗುಳ, ಅದು ಇನ್ನೊಂದು ಕಡೆ. ಇವರಿಗೆ ಪೆಟ್ಟು ಬಿದ್ದದ್ದು ಮೊದಲಿನದಕ್ಕೆ.

"ನಿಮ್ಮ ಭಾಷೆಯಲ್ಲಿ ಮುಖೊಸ್ತೊಗೆ ಎಂತ ಹೇಳ್ತೀರಿ?"

"ಬಾಯಿಪಾಠ."

ಬಂಗಾಳಿ ಅಕ್ಷರದಲ್ಲಿ ಬರೆದುಕೊಂಡಳು. ಮಾನ್ಯ ನಡುವೆ ಬಾಯಿ ಹಾಕಿದಳು. "ನಾವು ಸ್ಕೂಲಲ್ಲಿ ಬೈಹಾರ್ಟ್ ಅಂತೇವೆ ಅಜ್ಜಿ. ಹಾರ್ಟ್! ಎಷ್ಟು ಕ್ಯೂಟ್ ಅಲ್ವಾ?" ಬಂಗಾಳಿಗಳಿಗೆ ಮುಖ, ಇಂಗ್ಲಿಷಿನವರಿಗೆ ಹೃದಯ, ನಮಗೆ ಬರೀ ಬಾಯಿ. ನಮ್ಮದೇ ಸರಿ ಎಂದುಕೊಂಡೆ. ಬಾಯಿಂದ ಬರುವುದು, ಒಳಗೆ ಏನಿದೆಯೋ ಯಾರಿಗೆ ಗೊತ್ತು.

ಬಾಯಿಪಾಠ ಎಂದರೆ ನನಗೆ ಚಿಕ್ಕಂದಿನಿಂದಲೂ ಆಗದು. ನೆನಪಿದೆಯಾ, ಶಾಲೆಯಲ್ಲಿ ನಾನು ಹದಿಮೂರರ ಮಗ್ಗಿಯನ್ನು ತಪ್ಪಿಲ್ಲದೆ ಹೇಳುತ್ತಿದ್ದೆ. ಹದಿಮೂರು ತೆಂಗಿನಕಾಯಿಯನ್ನು ಮೂರು ಜನಕ್ಕೆ ಹಂಚು ಎಂದರೆ ಬಾಯಿ ಬಿಡುತ್ತಿದ್ದೆ. "ಬಾಯಿಪಾಠದ ಗಿಳಿ" ಎಂದರು ಮಾಸ್ತರರು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಡಿಸಿದರು. ಸರಿಯಾಗಿ ಓದಲಿಕ್ಕೆ ಕಲಿತದ್ದು ಇಲ್ಲಿ, ಊರಿನಿಂದ ಹಪ್ಪಳ ಸುತ್ತಿಕೊಂಡು ಬರುತ್ತಿದ್ದ ಪೇಪರಿನಲ್ಲಿ. ಅರ್ಧ ಕಥೆ ಇರುತ್ತಿತ್ತು. ಉಳಿದರ್ಧ ನಾನೇ ಯೋಚಿಸಿಕೊಳ್ಳುತ್ತಿದ್ದೆ.

ಹಾಗಾಗಿ ಮೆನು ನನಗೆ ಬೇಡ. ಬೇಕಾದ್ದು ಒಂದೇ ಮಾತು.

ಜುಲೈ ೩೧, ಬುಧವಾರ

ಮದುವೆಯಾದಂದಿನಿಂದ ಇವರು ನನ್ನ ಹೆಸರು ಕರೆದವರಲ್ಲ. ರತ್ನಾವತಿ ಎಂಬುದು ರೇಷನ್ ಕಾರ್ಡಿಗೆ. ಇವರಿಗೆ ನಾನು "ಕೇಳಿತಾ". ಕೇಳಿತಾ, ಹಾಲು ಬಂತು. ಕೇಳಿತಾ, ನನ್ನ ಕನ್ನಡಕ. ಕೇಳಿತಾ, ಟ್ರಾಮು ಕೆಟ್ಟು ನಿಂತಿದೆ ಬಾ ನೋಡು. ಕೆಳಗಿನ ಹೋಟೆಲಿನಿಂದ ಮೆಟ್ಟಿಲಿಗೆ ಮುಖ ಮಾಡಿ ಕೂಗುತ್ತಿದ್ದರು. ನಾನು ಮೇಲೆ ಅಡುಗೆಮನೆಯಿಂದ "ಹ್ಞಾ, ಬಂದೆ" ಎನ್ನುತ್ತಿದ್ದೆ. ಕೈ ಹಿಟ್ಟಿನಲ್ಲಿ ಇರುತ್ತಿತ್ತು, ಹೋಗುತ್ತಿದ್ದುದು ಯಾವಾಗಲೋ. ಮೀನು ಮಾರುವ ಹೆಂಗಸು ಕೂಡ ನನ್ನನ್ನು ಕೇಳಿತಾ ಬೌದಿ ಎಂದು ಕರೆಯುತ್ತಿದ್ದಳು, ಬೌದಿ ಎಂದರೆ ಅತ್ತಿಗೆ. ನಾವು ಮೀನು ಕೊಳ್ಳುವವರಲ್ಲ, ಆದರೂ.

ಅದನ್ನು ಒಂದು ಸಲ ಹೇಳಿದರೆ ಸಾಕು. ಇಡ್ಲಿ ವಡೆ ಎಲ್ಲ ಮರೆತುಹೋಗಲಿ.

ಆಗಸ್ಟ್ ೯, ಶುಕ್ರವಾರ

ಬೆಳಿಗ್ಗೆ ಲೇಕಿಗೆ ವಾಕಿಂಗ್ ಹೋಗಿ ನಮ್ಮಲ್ಲಿ ದೋಸೆ ತಿನ್ನುವ ಬಾಬುಗಳ ಗುಂಪು ಇವರನ್ನು ನೋಡಲಿಕ್ಕೆ ಮೇಲೆ ಬಂದಿತ್ತು. ಒಬ್ಬರು ಪ್ರೀತಿಯಿಂದಲೇ, ಮಾನ್ಯಳ ಹತ್ತಿರ ಕಲಿತುಕೊಂಡು, "ತಿನ್‌ಲಿಕ್ಕೆ ಎಂತೊ ಉಂಟೊ, ದಾದಾ?" ಎಂದರು. ಇವರು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ಕೇಳಿದರು. ಪುನಃ ಹೇಳಿದರು. ಪುನಃ ಚಪ್ಪಾಳೆ. ಮೂರನೆಯ ಸಲ ಹೇಳುವಾಗ ಇವರು ನನ್ನನ್ನೇ ನೋಡುತ್ತಿದ್ದರು, ನಿಲ್ಲಿಸಲಿಕ್ಕೆ ಆಗದವರ ಹಾಗೆ.

ಅವರು ಹೋದ ಮೇಲೆ ಮಾನ್ಯಳಿಗೆ ಬೈದೆ. "ಇನ್ನು ಈ ಮನೆಯಲ್ಲಿ ಅದನ್ನು ಯಾರೂ ಕೇಳ್ಲಿಕ್ಕಿಲ್ಲ. ಅಜ್ಜ ಎಂತ ಸರ್ಕಸ್ಸಿನ ಪ್ರಾಣಿಯಾ?"

"ಅಜ್ಜಿ, ಅವರಿಗೆ ಅದೊಂದೇ ಬರೋದು."

"ಅದಕ್ಕೇ ಬೇಡ."

ಆಗಸ್ಟ್ ೧೭, ಶನಿವಾರ

ಯಾರೂ ಕೇಳುತ್ತಿಲ್ಲ. ಇವರೂ ಏನೂ ಹೇಳುತ್ತಿಲ್ಲ. ಮೌಶುಮಿಗೆ ಜ್ವರ, ಬರಲಿಲ್ಲ. ಮಳೆ. ಬೀದಿಯಲ್ಲಿ ಮೊಣಕಾಲು ನೀರು.

ಆಗಸ್ಟ್ ೨೪, ಶನಿವಾರ

ಮೌಶುಮಿ ಬಂದಳು, ಸಂಗತಿ ಕೇಳಿ ಸಿಟ್ಟಾದಳು. ಸಿಟ್ಟು ಬಂದಾಗಲೂ ಮಾಶಿಮಾ ಎನ್ನುವುದು ಬಿಡಲಿಲ್ಲ. "ಮನೆಗೆ ಒಂದೇ ಬಾಗಿಲು ಉಳಿದದ್ದು ಮಾಶಿಮಾ. ಅದಕ್ಕೆ ನೀವೇ ಬೀಗ ಹಾಕಿದ್ದೀರಿ."

"ಆ ಬಾಗಿಲಿಂದ ಯಾರೂ ಹೊರಗೆ ಬರುವುದಿಲ್ಲ ಮಗಳೇ" ಎಂದೆ. "ಅರ್ಥ ಇಟ್ಟುಕೊಂಡು ಹೇಳುವ ಮಾತಲ್ಲ ಅದು."

ಅವಳು ಹೋದ ಮೇಲೆ ಮಾನ್ಯ ನನ್ನ ಹತ್ತಿರ ಬಂದು ಕೂತಳು. ನಿನ್ನ ಗೌರಿ ಹಬ್ಬಕ್ಕೆ ಮೊದಲೇ ಮುಟ್ಟಲಿ ಎಂದು ನಿನಗೆ ಕಾಗದ ಬರೆಯುತ್ತಿದ್ದೆ, ಬರೇ ಹವೆ, ಹಪ್ಪಳದ ಸುದ್ದಿ. ಅವಳು ಕನ್ನಡ ಓದಲಿಕ್ಕೆ ಕಲಿಯುತ್ತಿದ್ದಾಳೆ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು.

"ಇ-ತ್ತ ಸ-ರ್ವ-ರೂ ಕ್ಷೇ-ಮ. ಅಜ್ಜಿ, ಇದು ನಿಮ್ಮ ಎಲ್ಲ ಲೆಟರಲ್ಲೂ ಉಂಟು."

"ಹಾಗೇ ಬರೆಯುವುದು ಕ್ರಮ."

"ಬಟ್ ನಾವು ಕ್ಷೇಮ ಇಲ್ವಲ್ಲ. ಅಜ್ಜ ಹೀಗಿದ್ದಾರೆ. ಹಾಗಾದ್ರೆ ಇದೂ ಬಾಯಿಪಾಠವೇ ಆಯ್ತಲ್ಲ?"

ಎರಡು ಬಾರಿಸಬೇಕು ಎನಿಸಿತು.

ಹೌದು. ಇಷ್ಟು ವರ್ಷ ನಿನಗೆ ಬರೆದ ಕಾಗದಗಳೆಲ್ಲ ಆ ಸಾಲಿನಿಂದಲೇ ಶುರು. ಕೈ ಅದರಷ್ಟಕ್ಕೆ ಬರೆಯುತ್ತದೆ. ಒಂದೇ ಸಲ ಬರೆಯಲಿಲ್ಲ. ಸತೀಶನಿಗಿಂತ ಮೊದಲಿನದು ಹುಟ್ಟಿ ಒಂಬತ್ತನೆಯ ದಿನ ಹೋದಾಗ. ಆ ಸುದ್ದಿ ಬರೆಯುವ ಧೈರ್ಯ ಇರಲಿಲ್ಲ. ಇಲ್ಲಿ ಸೆಕೆ, ಮಾವಿನ ಮಿಡಿ ಸಿಗುವುದಿಲ್ಲ, ಅಷ್ಟೇ ಬರೆದೆ. ಸರ್ವರೂ ಕ್ಷೇಮ ಎಂದು ಮಾತ್ರ ಕೈ ಬರೆಯಲಿಲ್ಲ. ನೀನು ಮತ್ತು ಅಮ್ಮ ಮುಂದಿನ ರೈಲಿಗೇ ಹೊರಟು ಬಂದಿರಿ. "ಅಕ್ಕ, ಆ ಸಾಲು ಇರ್ಲಿಲ್ಲ" ಎಂದೆ ನೀನು, ಹೌರಾ ಸ್ಟೇಷನ್ನಿನಲ್ಲಿ, ಇನ್ನೂ ಚೀಲ ಇಳಿಸದೆ.

ಸೆಪ್ಟೆಂಬರ್ ೧, ಭಾನುವಾರ

ಇವತ್ತು ನಾನೇ ಕೇಳಿದೆ.

ಊಟದ ಮೇಜಿಗೆ ಇವರನ್ನು ಕರೆತಂದು ಎದುರು ಕೂತೆ. ಗಿರಾಕಿ ಕೂರುವ ಹಾಗೆ, ಸೆರಗು ಸರಿ ಮಾಡಿಕೊಂಡು. ನಾಚಿಕೆಯಾಯಿತು ಅನಸೂಯ, ಈ ವಯಸ್ಸಿನಲ್ಲಿ. ಮದುವೆಯಾಗಿ ಇಲ್ಲಿಗೆ ಬಂದ ಮರುದಿನ ಹೋಟೆಲಿಗೆ ಕರೆದುಕೊಂಡು ಹೋಗಿದ್ದರಲ್ಲ, ಹೇಳಿದ್ದೆ ನಿನಗೆ. ಅಲ್ಲಿಯವರೆಗೆ ಇಬ್ಬರೂ ಒಂದು ಮಾತಾಡಿರಲಿಲ್ಲ, ಎರಡು ದಿನದ ರೈಲಿನಲ್ಲಿಯೂ. ಮೇಜಿನ ಮುಂದೆ ಕೂರಿಸಿ, ಏನು ಮಾತಾಡಬೇಕೆಂದು ಗೊತ್ತಾಗದೆ, ನಿಂತುಕೊಂಡು ಮೆನು ಹೇಳಿಬಿಟ್ಟರು. ಹೆಂಡತಿಗೆ! ನಾನು ಹೋಟೆಲಿನಲ್ಲಿ ಎಂದೂ ತಿಂದವಳಲ್ಲ. ತಲೆ ತಗ್ಗಿಸಿ "ಕೊನೇದ್ದು" ಎಂದೆ. ಬರೀ ಕಾಫಿ ಬಂತು. ಹಸಿದುಕೊಂಡು ಕುಡಿದೆ.

"ತಿನ್ಲಿಕ್ಕೆ ಎಂತ ಉಂಟು?" ಎಂದೆ ಇವತ್ತು.

ಇವರು ತುಂಬ ಹೊತ್ತು ನನ್ನ ಮುಖ ನೋಡಿದರು. ಬೀಗ ತುಕ್ಕು ಹಿಡಿಯಿತೋ ಎಂದುಕೊಂಡೆ. ಆಮೇಲೆ ಬಂತು, ನಿಧಾನವಾಗಿ, ಕಾಫಿಯವರೆಗೂ.

"ಕೊನೇದ್ದು" ಎಂದೆ.

ನಕ್ಕರು. ಬಾಯಿಯ ಒಂದೇ ಬದಿಯಲ್ಲಿ, ಆದರೂ ನಗುವೇ.

ಸೆಪ್ಟೆಂಬರ್ ೧೯, ಗುರುವಾರ

ಸುದ್ದಿ ಇದೆ.

ದಿನಾ ತಿಂಡಿಯ ಹೊತ್ತಿಗೆ ಕೇಳುತ್ತೇನೆ, ಇವರು ಹೇಳುತ್ತಾರೆ, ನಾನು ಏನಾದರೂ ಒಂದು ಆರಿಸುತ್ತೇನೆ, ಇಬ್ಬರೂ ಅದನ್ನೇ ತಿನ್ನುತ್ತೇವೆ. ಮೌಶುಮಿ ಹೇಳಿಕೊಟ್ಟ ಆಟ. ಇವತ್ತು "ಇಡ್ಲಿ ವಡೆ ಸಾದಾದೋಸೆ ಮಸಾಲೆದೋಸೆ ನೀರುಳ್ಳಿದೋಸೆ" ಎಂದವರು ಅಲ್ಲಿಗೆ ನಿಂತರು.

ಮರೆತರೋ ಎಂದು "ಉಪ್ಪಿಟ್ಟು" ಎಂದು ನಾನೇ ಮುಂದೆ ಹಿಡಿದೆ. ತಲೆ ಅಲ್ಲಾಡಿಸಿದರು. ಶುರುವಿನಿಂದ ಪುನಃ ಹೇಳಿದರು. ಪುನಃ ಅಲ್ಲೇ ನಿಂತರು. ತುಟಿ ಬಿಗಿಹಿಡಿದು. ಉಪ್ಪಿಟ್ಟು ಒಳಗಿಂದ ನೂಕುತ್ತಿರುವುದು ಗಂಟಲಲ್ಲಿ ಕಾಣುತ್ತಿತ್ತು, ಹೊರಗೆ ಬಿಡಲಿಲ್ಲ.

ಆಗ ಗೊತ್ತಾಯಿತು. ಎದ್ದು ನೀರುಳ್ಳಿ ಹೆಚ್ಚಿದೆ.

ಸತೀಶನಿಗೆ ಹೇಳಿದರೆ ಅವನು ನಂಬಲಿಲ್ಲ. "ಅಪ್ಪ ನಡುವೆ ನಿಲ್ಲಿಸುವುದಾ? ಗಿರಾಕಿ ಎದ್ದು ಹೋದ್ರೂ ಕಾಫಿ ತನಕ ಹೇಳಿಯೇ ಬಿಡುವವರು!" ಅದು ನಿಜ. ಸಪ್ಲಾಯರನನ್ನು ನಡುವೆ ತಡೆದರೆ ಮೊದಲಿನಿಂದ ಶುರು ಮಾಡಬೇಕು, ಇವರೇ ಹೇಳುತ್ತಿದ್ದರು. ಮೌಶುಮಿ ಕೇಳಿ ಕುಣಿದಳು, ಬೂಟು ಹಾಕಿಕೊಂಡೇ.

ದೋಸೆ ಬಡಿಸಿ, "ಕೇಳಿತಾ, ಬಿಸಿ ಉಂಟು, ನಿಧಾನ" ಎಂದೆ. ಎಡಗೈಯಲ್ಲಿ ಚೂರು ಮುರಿದು ತಿಂದರು. ಎರಡು ತಿಂದರು.

ಅಕ್ಟೋಬರ್ ೧೧, ಶುಕ್ರವಾರ

ದುರ್ಗಾಪೂಜೆಯ ಅಷ್ಟಮಿ. ಬೀದಿಯ ಪೆಂಡಾಲಿನಲ್ಲಿ ಪುಷ್ಪಾಂಜಲಿ. ಗಾಲಿಕುರ್ಚಿಗೆ ದಾರಿ ಬಿಟ್ಟರು. ಪುರೋಹಿತರು ಮೈಕಿನಲ್ಲಿ ಒಂದೊಂದು ಸಾಲು ಹೇಳುವುದು, ಜನರೆಲ್ಲ ಹಿಂದಿನಿಂದ ಹೇಳುವುದು. ಇವರೂ ಹೇಳಿದರು, ಎಲ್ಲರ ಜೊತೆ, ಎಲ್ಲರಷ್ಟೇ ಸ್ಪಷ್ಟ. ಆ ಗುಂಪಿನಲ್ಲಿ ಯಾರಿಗೆ ಪೆಟ್ಟು ಬಿದ್ದಿದೆ, ಯಾರಿಗೆ ಇಲ್ಲ, ದೇವಿಗೂ ಗೊತ್ತಾಗಿರಲಿಕ್ಕಿಲ್ಲ.

ಬರುವಾಗ ಡೋಲಿನ ಗಲಾಟೆ. "ಕೇಳಿತಾ, ಕಾಲು ಒಳಗೆ ಇಟ್ಟುಕೊಳ್ಳಿ, ಜನ ತುಳೀತಾರೆ" ಎಂದು ಕೂಗಬೇಕಾಯಿತು.

ಮಾನ್ಯ ಹೊಸ ಸೀರೆಯುಟ್ಟು ಗೆಳತಿಯರ ಜೊತೆ ಹೋದಳು. ನನ್ನ ಸೀರೆಯೇ, ನಾನು ಮದುವೆಯಲ್ಲಿ ಉಟ್ಟದ್ದು. ಅವಳಿಗದು ಹೊಸದು. ಇವರು ಅವಳನ್ನು ನೋಡಿ, ನನ್ನನ್ನು ನೋಡಿ, ಏನೋ ಹೇಳಲಿಕ್ಕೆ ಹೊರಟರು. "ಶೀರಾ" ಎಂದರು. ಇರಲಿ. ಸಿಹಿಯದೇ ಹೆಸರಲ್ಲವೆ.

ನವೆಂಬರ್ ೬, ಬುಧವಾರ

ಮೌಶುಮಿ ಇನ್ನು ತಿಂಗಳಿಗೊಮ್ಮೆ ಬಂದರೆ ಸಾಕಂತೆ. ಹೊಸದಾಗಿ ಜೋಡಿಸುವ ಮಾತು ಇನ್ನು ಹೆಚ್ಚು ಬರಲಿಕ್ಕಿಲ್ಲ ಎಂಬುದನ್ನು ಬಹಳ ನಯವಾಗಿ ಹೇಳಿದಳು. ಅವಳಿಗೆ ಒಂದು ಡಬ್ಬ ಗೋಳಿಬಜೆ ಕಟ್ಟಿಕೊಟ್ಟೆ. ಅವಳು ಮೆಟ್ಟಿಲಿಳಿಯುವ ಸದ್ದು ಪೂರ್ತಿ ಮುಗಿಯುವವರೆಗೆ ಬಾಗಿಲಲ್ಲೇ ನಿಂತಿದ್ದೆ.

ಹಾಗಾದರೆ ಅದು ಬರುವುದಿಲ್ಲ. ಇವರು ಮೆಟ್ಟಿಲಿಗೆ ಮುಖ ಮಾಡಿ ಕೂಗುವುದು. ಮಧ್ಯಾಹ್ನ ಸ್ವಲ್ಪ ಹೊತ್ತು ಕೆಳಗಿನ ಮೆಟ್ಟಿಲ ಮೇಲೆ ಕೂತು ಬಂದೆ. ಹೋಟೆಲಿನಲ್ಲಿ ತಟ್ಟೆಯ ಸದ್ದು, ಸತೀಶನ ಸ್ವರ. ಸತೀಶನ ಸ್ವರ ದೂರದಿಂದ ಇವರದರ ಹಾಗೇ ಇದೆ. ಅವನು ಏನೋ ಕೂಗಿದ. ನನ್ನನ್ನಲ್ಲ, ಅಡುಗೆಯವನನ್ನು.

ಸಂಜೆ ನಿನಗೆ ಫೋನು ಮಾಡಿ ಎಲ್ಲ ಹೇಳಿದೆ. ಇಡ್ಲಿ ಎಂದು ಮಂಚಕ್ಕೆ ಗುದ್ದಿದ್ದು, ನಾನು ಸುಳ್ಳು ನಕ್ಕದ್ದು.

"ನನಗೆ ಆವತ್ತೇ ಗೊತ್ತಾಯ್ತಕ್ಕ" ಎಂದೆ ನೀನು. "ಭಾವ ನನಗೆ ಹಲೋ ಹೇಳುವುದಲ್ಲ, ಮೊದಲು 'ಎಂತ, ಇನ್ನೂ ಬದುಕಿದ್ದೀಯಾ' ಅಂತ ಕೇಳುವವರು. ಅದು ಬರ್ಲಿಲ್ಲ."

"ಮತ್ತೆ ಯಾಕೆ ನಗಾಡಿದ್ದು?"

"ನೀನು ನಗಾಡ್ಬೇಕಲ್ಲ, ಅದಕ್ಕೆ."

ಫೋನು ಇಟ್ಟ ಮೇಲೆ ಡೈರಿ ತೆಗೆದದ್ದು. ಇನ್ನು ಇದರಲ್ಲಿ ಏನು ಬರೆಯುವುದು, ಎಲ್ಲ ನಿನಗೆ ಗೊತ್ತಾಯಿತಲ್ಲ.

ನವೆಂಬರ್ ೨೩, ಶನಿವಾರ

ಚಳಿ ಬಂತು. ಇಲ್ಲಿಯವರಿಗೆ ಗಾಳಿ ಸ್ವಲ್ಪ ತಣ್ಣಗಾದರೆ ಮಂಕಿ ಟೋಪಿ ಹೊರಗೆ ಬರುತ್ತದೆ. ಮಾನ್ಯ ಅಜ್ಜನಿಗೂ ಒಂದು ಹಾಕಿ, ಬಾಲ್ಕನಿಯಲ್ಲಿ ಬಿಸಿಲಿಗೆ ಕೂರಿಸಿ ಟ್ಯೂಷನ್ನಿಗೆ ಹೋದಳು.

ನಾನು ಕಾಫಿ ಸೋಸಿ ಲೋಟಕ್ಕೆ ಹಾಕಿದೆ. ಒಲೆಯ ಮೇಲೆ ಸಾರು ಇತ್ತು, ಬಿಟ್ಟು ಹೋಗುವ ಹಾಗಿರಲಿಲ್ಲ. ಅಲ್ಲಿಂದಲೇ ಕೂಗಿದೆ.

"ಕೇಳಿತಾ? ಕಾಫಿ ಆರ್ತದೆ!"

"ಹ್ಞಾ, ಬಂದೆ."

ಸೌಟು ಹಿಡಿದುಕೊಂಡು ನಿಂತೆ. ಮಾನ್ಯಳೇ ಎಂದುಕೊಂಡೆ. ಅವಳು ಇಲ್ಲವಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲ.

ಹ್ಞಾ ಎಂಬುದು ಮೇಲೆ ಏರಿ, ಬಂದೆ ಎಂಬುದು ಕೆಳಗೆ ಇಳಿದು. ಬರುವ ಮನಸ್ಸಿಲ್ಲದವರು ಹೇಳುವ ಹಾಗೆ. ಇವರು ಜನ್ಮದಲ್ಲಿ ಹೇಳಿದ ಮಾತಲ್ಲ ಅದು. ಕೂಗುವವರು ಇವರು, ಓಗೊಡುವವಳು ನಾನು. ಅದು ನನ್ನದು, ಹಿಟ್ಟಿನ ಕೈಯಲ್ಲಿ ಈ ಅಡುಗೆಮನೆಯಿಂದ ನಾನು ಹೇಳುತ್ತಿದ್ದದ್ದು. ರಾಗ ಕೂಡ ನನ್ನದೇ. ಮೆಟ್ಟಿಲ ಕೆಳಗೆ ನಿಂತು ಎಷ್ಟು ಸಲ ಕೇಳಿರಬೇಕು, ಹೀಗೆ ಒಂದಕ್ಷರ ತಪ್ಪದೆ ಬಾಯಿಗೆ ಬರಬೇಕಾದರೆ.

ಬಾಲ್ಕನಿಗೆ ಹೋಗಿ ನೋಡಿದೆ. ಇವರು ಎದ್ದಿರಲಿಲ್ಲ. ಏಳುವ ಯೋಚನೆಯೂ ಇದ್ದ ಹಾಗೆ ಕಾಣಲಿಲ್ಲ. ಟೋಪಿಯೊಳಗಿಂದ ಟ್ರಾಮು ನೋಡುತ್ತಿದ್ದರು. ನಾನಾದರೂ ಹಾಗೆ ಹೇಳಿದ ಕೂಡಲೇ ಎಂದು ಹೋದವಳು?

ಕಾಫಿಯನ್ನು ಅಲ್ಲಿಗೇ ತೆಗೆದುಕೊಂಡು ಹೋಗಿ, ಪಕ್ಕದಲ್ಲಿ ಕೂತೆ. ಸಾರು ಉಕ್ಕಿ ಒಲೆ ಆರಿದ್ದು ಆಮೇಲೆ ನೋಡಿದ್ದು.